ಬೀರುವಿನ ಬೀಗ ಮತ್ತು ಬಾಟಲಿ ಮಿಸ್

ಆ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಗಾಜಿನ ಬೀರು ಇತ್ತು. ಒಳಗಿದ್ದ ಬೀಕರು, ಪ್ರನಾಳ, ಗಾಜಿನ ಜಾಡಿಗಳೆಲ್ಲ ನಿನ್ನೆ ತಂದಂತೆ ಹೊಳೆಯುತ್ತಿದ್ದವು. ಹೊಳೆಯದೆ ಇನ್ನೇನು? ಯಾರಾದರೂ ಮುಟ್ಟಿದರೆ ತಾನೇ ಮಾಸುವುದು. ಬೀಗದ ಕೈ ಹೆಡ್‌ಮಾಸ್ಟರ ಕೋಣೆಯ ಮೊಳೆಗೆ ನೇತುಬಿದ್ದಿತ್ತು. ಮಕ್ಕಳ ಕೈಗೆ ಗಾಜು ಕೊಟ್ಟರೆ ಒಡೆಯುತ್ತದೆ ಎಂಬುದಷ್ಟೇ ಅವರ ವಿಜ್ಞಾನ.

'ಮಕ್ಕಳು ಕೈಯಾರೆ ಮಾಡಿ ಕಲಿಯಬೇಕು' ಎಂದು ಮೇಲಿನಿಂದ ಆದೇಶ ಬಂದಾಗ ಅದಕ್ಕೂ ಅವರು ದಾರಿ ಕಂಡುಕೊಂಡರು. ತಿಂಗಳಿಗೊಮ್ಮೆ ಬೀರು ತೆರೆಯುವುದು. ತಲೆ ನೀಟಾಗಿ ಬಾಚಿದ ಒಂದಷ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈಗೊಂದು ಪ್ರನಾಳ ಕೊಡುವುದು. "ಎಲ್ಲಾ ಇಲ್ಲಿ ನೋಡಿ." ಫೋನಿನಲ್ಲಿ ಒಂದು ಫೋಟೋ. ಆಮೇಲೆ ಪ್ರನಾಳ ಬೀರುವಿಗೆ, ಮಕ್ಕಳು ಬೆಂಚಿಗೆ, ಫೋಟೋ ಮೇಲಿನವರಿಗೆ. ಅಲ್ಲಿಗೆ ಕಲಿಕೆ ಮುಗಿಯಿತು, ಎಲ್ಲರ ಕೈಯೂ ಸ್ವಚ್ಛ.

ಏಳನೇ ತರಗತಿಗೆ ವಿಜ್ಞಾನ ಹೇಳುವ ಟೀಚರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಬೀರುವಿನ ತಂಟೆಯೇ ಬೇಡವೆಂದು ಅವರು ತರಗತಿಯ ಹಿಂದಿನ ಶೆಲ್ಫಿನಲ್ಲಿ ತಮ್ಮದೇ ಪ್ರಯೋಗಾಲಯ ಕೂಡಿಹಾಕಿದ್ದರು: ಜಾಮಿನ ಬಾಟಲಿ, ಔಷಧಿ ಸೀಸೆ, ಡಬ್ಬಿಯ ಮುಚ್ಚಳ, ಬಲೂನು, ಮೇಣದಬತ್ತಿಯ ತುಂಡು. ಮಕ್ಕಳ ಬಾಯಲ್ಲಿ ಅವರು 'ಬಾಟಲಿ ಮಿಸ್' ಆಗಿದ್ದು ಹಾಗೆ. ಮನೆಯಲ್ಲಿ ಅತ್ತೆಯವರು, ಈ ಮನೇಲಿ ನೀರು ಕುಡಿಯೋಕೆ ಒಂದು ಲೋಟ ಹುಡುಕೋದೇ ದೊಡ್ಡ ಪ್ರಯೋಗ ಕಣಮ್ಮ, ಎಂದು ಗೊಣಗುವರು. ಗೊಣಗುತ್ತಲೇ ಖಾಲಿಯಾದ ಬಾಟಲಿಯನ್ನು ತೊಳೆದು, ಒರೆಸಿ, ಸೊಸೆಯ ಚೀಲಕ್ಕೆ ಹಾಕುವರು.

ಮಿಸ್ಸಿನ ಪಾಠದಲ್ಲಿ ಒಂದು ಕಟ್ಟಳೆ ಇತ್ತು. ಪ್ರಯೋಗ ಮುಗಿಯುವವರೆಗೆ ಪುಸ್ತಕ ಚೀಲದಿಂದ ಹೊರಬರುವಂತಿಲ್ಲ. ಕಂಡದ್ದನ್ನು ಮೊದಲು ಹೇಳಬೇಕು, ಪುಸ್ತಕ ಏನನ್ನುತ್ತದೆ ಎಂದು ಆಮೇಲೆ ನೋಡಬೇಕು. ಎರಡೂ ಹೊಂದದಿದ್ದರೆ ಇನ್ನೊಮ್ಮೆ ಮಾಡಬೇಕು.

ಮೇಣದಬತ್ತಿಯ ಪ್ರಯೋಗದಲ್ಲಿ ಹೊಂದಲಿಲ್ಲ. ತಟ್ಟೆಯ ನೀರಿನಲ್ಲಿ ಉರಿಯುವ ಬತ್ತಿ ನಿಲ್ಲಿಸಿ ಮೇಲೆ ಬಾಟಲಿ ಬೋರಲು ಹಾಕಿದರೆ, ಬತ್ತಿ ಆರಿ, ನೀರು ಬಾಟಲಿಯೊಳಕ್ಕೆ ಏರುತ್ತದೆ. ಬತ್ತಿ ಆಮ್ಲಜನಕವನ್ನು ಮುಗಿಸಿತು, ಆ ಜಾಗಕ್ಕೆ ನೀರು ಬಂತು ಎಂದು ಪುಸ್ತಕ ಹೇಳುತ್ತಿತ್ತು. ಅರಳು ಹುರಿದಂತೆ ಮಾತಾಡುವುದಕ್ಕೆ 'ರೇಡಿಯೋ' ಎಂದು ಹೆಸರಾದ ಹುಡುಗಿ ಕೇಳಿದಳು, ಉರಿಯುವಾಗ ಮುಗಿಯುತ್ತಾ ಬಂದರೆ ಉರಿಯುವಾಗಲೇ ಅಲ್ಲವೇ ನೀರು ಏರಬೇಕು? ಇದು ಬತ್ತಿ ಆರಿದ ಮೇಲೆ ಸರ್ರನೆ ಏರಿತಲ್ಲ. ಮೊದಲು ಅಂಚಿನಿಂದ ಗುಳ್ಳೆ ಬೇರೆ ಬಂತು. ಮತ್ತೆ ಮತ್ತೆ ಹಚ್ಚಿ ನೋಡಿದರು. ಬಿಸಿಗೆ ಹಿಗ್ಗಿದ ಗಾಳಿ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಉಳಿದದ್ದು ತಣ್ಣಗಾಗಿ ಕುಗ್ಗಿದಾಗ ನೀರು ಒಳಗೆ ಬರುತ್ತದೆ ಎಂದು ಮಕ್ಕಳೇ ಕಿತ್ತಾಡಿ ತೀರ್ಮಾನಿಸಿದರು. ಅಂದು ಖುಷಿಗೆ ಮಿಸ್ಸಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮುಂದಿನ ವಾರ ಶಾಲೆಯ ತಪಾಸಣೆಗೆ ಮೇಲಿನಿಂದ ಅಧಿಕಾರಿ ಬಂದರು. ಮಕ್ಕಳು ಬತ್ತಿ ಹಚ್ಚಿ ಬಾಟಲಿ ಕವುಚಿದಾಗ ಅವರ ಕಣ್ಣು ತಮ್ಮ ಫೋನಿನ ಮೇಲಿತ್ತು. ನೀರು ಏರಿದ ಮೇಲೆ ತಲೆಯೆತ್ತಿ, ಯಾಕೆ ಏರಿತು ಎಂದು ಕೇಳಿದರು. ರೇಡಿಯೋ ಗುಳ್ಳೆಯಿಂದ ಶುರುಮಾಡಿದಳು.

"ಗುಳ್ಳೆ ಗಿಳ್ಳೆ ಬಿಡಮ್ಮ. ಪುಸ್ತಕದಲ್ಲಿ ಏನಿದೆ?"

"ಪುಸ್ತಕದಲ್ಲಿ ಬೇರೆ ಇದೆ ಸಾರ್. ಇಲ್ಲಿ ಹೀಗಾಯ್ತು. ಇನ್ನೊಂದ್ಸಲ ಹಚ್ತೀವಿ, ನೀವೇ ನೋಡಿ."

ನೋಡಲು ಅವರಿಗೆ ಪುರಸೊತ್ತಿರಲಿಲ್ಲ. ಮಕ್ಕಳಿಗೆ ವಿಷಯ ತಿಳಿದಿಲ್ಲ, ಟೀಚರಿಗೆ ತರಬೇತಿ ಬೇಕು ಎಂದು ಹೇಳಿ ಎದ್ದರು. ಹೆಡ್‌ಮಾಸ್ಟರು ಕಾರಿನವರೆಗೂ ಹೌದು ಸಾರ್, ಹೌದು ಸಾರ್ ಎನ್ನುತ್ತಲೇ ಹೋದರು.

ತರಬೇತಿಯ ವಿಷಯ: ಕೈಯಾರೆ ಮಾಡಿಸಿ ಕಲಿಸುವುದು ಹೇಗೆ. ದೊಡ್ಡ ಹಾಲಿನಲ್ಲಿ ದೀಪ ಆರಿಸಿ, ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ಓಡಿಸಿದರು. ಅದರ ಮೇಲಿದ್ದುದನ್ನು ತರಬೇತುದಾರರು ಓದಿದರು, ಕೂತವರು ಕೈಕಟ್ಟಿ ಕೇಳಿದರು. ಕೈಯಾರೆ ಕಲಿಸಲು ಕಲಿಯಬಂದವರ ಕೈಗೆ ಸಿಕ್ಕಿದ್ದು ಟೀ ಲೋಟವೊಂದೇ. ಮಿಸ್ ತಡೆಯಲಾರದೆ ಎದ್ದು, ಒಂದು ಮೇಣದಬತ್ತಿ ಸಿಗಬಹುದೇ ಎಂದು ಕೇಳಿದರು.

"ಯಾಕೆ ಮೇಡಂ, ಕರೆಂಟ್ ಇದೆಯಲ್ಲ," ಎಂದರು ತರಬೇತುದಾರರು.

ಹಾಲಿಗೆ ಹಾಲೇ ನಕ್ಕಿತು. ನಗುವವರಿಗೇನು, ಅವರ ಮಕ್ಕಳಲ್ಲವಲ್ಲ ಬೆಂಚಿನ ಮೇಲಿರುವುದು, ಎಂದು ಮಿಸ್ ಹಲ್ಲು ಕಚ್ಚಿ ಕೂತರು.

ಮರಳಿ ಬಂದಾಗ ತರಗತಿಯಲ್ಲಿ ಶೆಲ್ಫ್ ಇರಲಿಲ್ಲ. ಬಾಟಲಿಗಳೆಲ್ಲ ಗುಜರಿಗೆ ಹೋಗಿದ್ದವು. ಖಾಲಿ ಗೋಡೆಗೆ ಹೊಸ ಬಣ್ಣ ಹೊಡೆಸಿ ಹೆಡ್‌ಮಾಸ್ಟರು ದಪ್ಪಕ್ಷರದಲ್ಲಿ ಬರೆಸಿದ್ದರು: ಮಾಡಿ ಕಲಿ. ಇದನ್ನು ಕಂಡು ಅಳಬೇಕೋ ನಗಬೇಕೋ ಮಿಸ್ಸಿಗೆ ತಿಳಿಯಲಿಲ್ಲ. ಆದರೂ ಸಹಿಸಿಕೊಂಡರು. ಬಾಟಲಿ ಹೋದರೆ ಮತ್ತೆ ಕೂಡಿಸಬಹುದು.

ಸಹಿಸಲಾಗದ್ದು ಬೇರೆ ಇತ್ತು. ರೇಡಿಯೋ ಸುಮ್ಮನೆ ಕೂತಿದ್ದಳು. ಪ್ರಶ್ನೆ ಕೇಳಿದರೆ ಚೀಲಕ್ಕೆ ಕೈ ಹಾಕಿ ಪುಸ್ತಕ ತಡಕುತ್ತಿದ್ದಳು. ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ನಿಂತಳು.

"ನನ್ನಿಂದ ನಿಮಗೆ ಮಾತು ಬಂತಲ್ಲ ಮಿಸ್. ನಾನು ಪುಸ್ತಕದ್ದೇ ಹೇಳ್ಬೇಕಿತ್ತು. ಗುಳ್ಳೆ ಬಂದಿದ್ದು ಸುಳ್ಳೇ ಇರ್ಬೇಕು."

ಒಡೆದ ಗಾಜಿನ ಚೂರನ್ನು ಗುಡಿಸಬಹುದು. ತನ್ನ ಕಣ್ಣನ್ನೇ ನಂಬದಂತೆ ಮಾಡಿದ ಮಗುವನ್ನು ಯಾವ ಪೊರಕೆಯಿಂದ ಒಟ್ಟುಗೂಡಿಸುವುದು? ಇದನ್ನು ಮಾಡಿದವರಿಗೆ ತರಬೇತಿ ಕೊಡುವವರು ಯಾರು?

ಅವರು ನೆಟ್ಟಗೆ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಮೊಳೆಯಿಂದ ಬೀಗದ ಕೈ ತೆಗೆದರು. ಹೆಡ್‌ಮಾಸ್ಟರು ಪೆನ್ನು ಕೆಳಗಿಟ್ಟು, ಇವತ್ತು ಫೋಟೋ ದಿನ ಅಲ್ವಲ್ಲಮ್ಮ, ಎಂದರು. ಅಲ್ಲ ಸಾರ್, ಪಾಠದ ದಿನ, ಎಂದು ಮಿಸ್ ಹೊರಟೇಬಿಟ್ಟರು. ತರಗತಿಯ ಮಕ್ಕಳನ್ನೆಲ್ಲ ಪ್ರಯೋಗಾಲಯಕ್ಕೆ ಕರೆದೊಯ್ದರು. ಬೀರುವಿನ ಬಾಗಿಲು ಕಿರುಗುಟ್ಟಿ ತೆರೆಯಿತು. ಎಲ್ಲಕ್ಕಿಂತ ದೊಡ್ಡ ಜಾಡಿಯನ್ನು ತೆಗೆದು ರೇಡಿಯೋ ಕೈಗಿಟ್ಟರು.

"ಒಡೆದ್ರೆ ಮಿಸ್?"

"ಒಡೆದ್ರೆ ಒಡೀಲಿ. ನಿಂಗೇನು ಕಾಣುತ್ತೆ, ಅದನ್ನ ಹೇಳು."

ಮಿಸ್ಸಿನ ಚೀಲದಲ್ಲಿ ಉಳಿದಿದ್ದ ಬತ್ತಿ ಹೊತ್ತಿತು. ಮಕ್ಕಳು ತಟ್ಟೆಯ ಸುತ್ತ ಮುಗಿಬಿದ್ದರು. ರೇಡಿಯೋ ಜಾಡಿಯನ್ನು ಮೆಲ್ಲಗೆ ಇಳಿಸಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿದಳು. "ಬಂತು. ಗುಳ್ಳೆ ಬಂತು ಮಿಸ್. ಇನ್ನೂ ಉರೀತಾ ಇದೆ, ನೀರು ಏರಿಲ್ಲ ನೋಡ್ರೋ." ಅಲ್ಲಿಂದ ಅವಳ ಬಾಯಿ ನಿಲ್ಲಲಿಲ್ಲ.

ಜಗಳಕ್ಕೆಂದೇ ಹಿಂದೆ ಬಂದ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತರು. ತೆರೆದ ಬೀರು, ಮಕ್ಕಳ ಕೈಯಲ್ಲಿ ಗಾಜು ಕಂಡೊಡನೆ ಅವರ ಕೈ ತಾನಾಗಿಯೇ ಜೇಬಿನ ಫೋನಿಗೆ ಹೋಯಿತು.

"ಎಲ್ಲಾ ಇಲ್ಲಿ ನೋಡಿ," ಎಂದರು.

ಒಬ್ಬರೂ ತಿರುಗಲಿಲ್ಲ.