ಮಾತು ಕೊಡುತ್ತಿದ್ದ ಅಪ್ಪ

ಹೋದ ತಿಂಗಳು ದೇವರಾಜ ಮೊಹಲ್ಲಾದ ಗ್ರಂಧಿಗೆ ಅಂಗಡಿಯೊಂದರಲ್ಲಿ ಒಣಶುಂಠಿ ಕಟ್ಟಿಸಿಕೊಳ್ಳುತ್ತಿದ್ದೆ. ಅಂಗಡಿಯವರು ಪಕ್ಕದ ಗಿರಾಕಿಗೆಂದು ಅತಿಮಧುರದ ಡಬ್ಬಿ ತೆರೆದರು. ಮಣ್ಣು, ಬೆಲ್ಲ, ಹಳೆಯ ಮರ ಎಲ್ಲ ಬೆರೆತಂಥ ಆ ವಾಸನೆ ಮೂಗಿಗೆ ಬಂದದ್ದೇ ನಾನು ಪೊಟ್ಟಣವನ್ನು ಅಲ್ಲೇ ಮರೆತು ನಾಲ್ಕು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದೆ. ಅದು ನನ್ನ ಅಪ್ಪನ ಅಂಗಿಯ ಜೇಬಿನ ವಾಸನೆ. ಗಂಟಲು ಕೆಡದಿರಲೆಂದು ಅವರು ಹಗಲೆಲ್ಲ ಆ ಬೇರಿನ ಚೂರೊಂದನ್ನು ದವಡೆಯಲ್ಲಿ ಒತ್ತಿಟ್ಟುಕೊಂಡಿರುತ್ತಿದ್ದರು. ನಿಮ್ಮ ಮನೆಯಲ್ಲೂ ಹೀಗೆ ಒಬ್ಬರು ಇದ್ದಿರಬಹುದು. ಹೋಗಿ ಎಷ್ಟೋ ವರ್ಷವಾದ ಮೇಲೂ ಯಾವುದೋ ಅಂಗಡಿಯ ಡಬ್ಬಿಯೊಳಗೆ ಕಾದು ಕೂತಿರುವವರು.

ನಮ್ಮದು ನಜರ್‌ಬಾದಿನ ಒಂದು ವಠಾರದ ಕೊನೆಯ ಮನೆ. ನಾನು ಎರಡು ವರ್ಷದವಳಿದ್ದಾಗಲೇ ಅಮ್ಮ ತೀರಿಕೊಂಡಿದ್ದರಿಂದ ಮನೆಯೆಂದರೆ ಅಪ್ಪ, ಅಪ್ಪನ ಅಕ್ಕ ತೆರೇಸತ್ತೆ ಮತ್ತು ನಾನು. ಅಪ್ಪನ ಹೆಸರು ಅಂತೋಣಪ್ಪ. ಊರಾಚೆಯ ಸಿನಿಮಾ ಸ್ಟುಡಿಯೋದಲ್ಲಿ ಅವರು ಪ್ರಾಂಪ್ಟರ್. ಆಗೆಲ್ಲ ಚಿತ್ರೀಕರಣದ ಹೊತ್ತಿನ ದನಿಯನ್ನು ಸಿನಿಮಾದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ; ಆಮೇಲೆ ಬೇರೆ ಕೋಣೆಯಲ್ಲಿ ಕೂತು ತುಟಿಗೆ ಹೊಂದಿಸಿ ಮಾತು ಸೇರಿಸುತ್ತಿದ್ದರು. ಹಾಗಾಗಿ ಕ್ಯಾಮೆರಾದ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಹಾಳೆ ಹಿಡಿದು, ನಟರಿಗೆ ಒಂದೊಂದೇ ವಾಕ್ಯವನ್ನು ಗಟ್ಟಿಯಾಗಿ ಒದಗಿಸುವವರೊಬ್ಬರು ಬೇಕಿತ್ತು. ಅಪ್ಪ ಅದನ್ನು ‘ಮಾತು ಕೊಡೋದು’ ಎನ್ನುತ್ತಿದ್ದರು. ಯಾವ ನಟನ ಉಸಿರು ಎಷ್ಟು ಉದ್ದ, ಯಾರಿಗೆ ವಾಕ್ಯವನ್ನು ಎಲ್ಲಿ ಮುರಿದು ಕೊಡಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಮನೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಲೂ ಸಂಭಾಷಣೆ ಓದುತ್ತಿದ್ದರು. ಶಾಪ, ಪ್ರೇಮ, ಸಾವು ಎಲ್ಲವೂ ಒಂದೇ ಸಪ್ಪೆ ದನಿಯಲ್ಲಿ. ಯಾಕಪ್ಪ ಹೀಗೆ ಓದ್ತೀರ ಎಂದು ಒಮ್ಮೆ ಕೇಳಿದ್ದಕ್ಕೆ, “ನಾನು ಅತ್ತು ಹೇಳಿದ್ರೆ ಅವರು ನನ್ನ ಅಳೂನೇ ಅಳ್ತಾರೆ ಕಣಮ್ಮ. ನಾವು ಮಾತು ಮಾತ್ರ ಕೊಡ್ಬೇಕು,” ಎಂದಿದ್ದರು.

ತೆರೇಸತ್ತೆಗೆ ಕಿವಿ ಕೇಳಿಸುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಬಂದ ಜ್ವರವೊಂದು ಎರಡೂ ಕಿವಿಗಳನ್ನು ಕೊಂಡುಹೋಗಿತ್ತು. ಮಾತು ಮಾತ್ರ ಉಳಿದಿತ್ತು, ಕೊಂಚ ಗಟ್ಟಿಯಾಗಿ, ಏರಿಳಿತವಿಲ್ಲದೆ. ಎದುರಿನವರ ತುಟಿ ನೋಡಿಯೇ ಅವರು ಎಲ್ಲವನ್ನೂ ತಿಳಿದುಕೊಳ್ಳುತ್ತಿದ್ದರು. ಭಾನುವಾರ ಚರ್ಚಿನ ಪೂಜೆಯಲ್ಲಿ ಮೊದಲ ಸಾಲಿನಲ್ಲೇ ಕೂರುತ್ತಿದ್ದರು. ಸ್ವಾಮಿಗಳು ಗೊಣಗಿದ ಪ್ರಸಂಗವನ್ನು ಮನೆಗೆ ಬಂದ ಮೇಲೆ ಕಿವಿಯಿದ್ದ ನಮಗೆ ಅವರೇ ವಿವರಿಸಬೇಕಾಗುತ್ತಿತ್ತು. ಅಪ್ಪನಿಗೆ ಹೊಸ ಸಂಭಾಷಣೆಯ ಮೊದಲ ಪರೀಕ್ಷೆ ಅತ್ತೆಯ ಕಣ್ಣು. ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಓದುತ್ತಿದ್ದರು. ಅತ್ತೆ ಹುಬ್ಬು ಗಂಟಿಕ್ಕಿದರೆ ಆ ವಾಕ್ಯದ ಕೆಳಗೆ ಪೆನ್ಸಿಲಿನಲ್ಲಿ ಗೆರೆ. ಅಕ್ಕನ ಕಣ್ಣಿಗೆ ಸಿಗದ ಮಾತು ನಟರ ಬಾಯಿಗೂ ಕೂರುವುದಿಲ್ಲ ಎಂದು ಅವರ ನಂಬಿಕೆ.

ನನಗೆ ಹನ್ನೊಂದು ವರ್ಷವಾಗಿದ್ದಾಗ ಆಂಧ್ರದ ಕಡೆಯ ನಟಿಯೊಬ್ಬರು ನಮ್ಮ ಮನೆಗೆ ಮೂರು ಸಂಜೆ ಬಂದರು. ಹೆಸರು ಹೇಳಿದರೂ ಈಗ ಯಾರಿಗೂ ನೆನಪಾಗಲಾರದು. ಅವರು ಕಲಿಯಬೇಕಿದ್ದದ್ದು, ಬಿಟ್ಟುಹೋದ ಗಂಡ ಹನ್ನೊಂದು ವರ್ಷದ ಮೇಲೆ ಬಾಗಿಲಿಗೆ ಬಂದು ನಿಲ್ಲುವ ದೃಶ್ಯ. ಹೆಂಡತಿಗೆ ಅರ್ಧ ಪುಟದ ಮಾತು. ಕನ್ನಡ ಅವರಿಗೆ ಅಷ್ಟಕ್ಕಷ್ಟೆ. ಅಪ್ಪ ಪದ ಪದ ಬಿಡಿಸಿ ಕೊಟ್ಟರು. ಮೂರನೆಯ ಸಂಜೆ ಅರ್ಧ ಪುಟವೂ ತಪ್ಪಿಲ್ಲದೆ ಬಂತು. ಆದರೆ ಅವರು ಹಾಳೆಯನ್ನು ಮಡಿಲಲ್ಲಿ ಇಟ್ಟು, ಮೆಲ್ಲಗೆ, “ಮಾತು ಬರ್ತಾ ಇದೆ ಮೇಷ್ಟ್ರೇ, ನಾನು ಬರ್ತಾ ಇಲ್ಲ,” ಎಂದರು.

ಅಪ್ಪ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಅವತ್ತು ಬೆಳಿಗ್ಗೆ ಅವರು ಯಾವುದೋ ಸಿಟ್ಟಿನಲ್ಲಿ ಅತ್ತೆಯೊಂದಿಗೆ ಮುಖ ತಿರುಗಿಸಿಕೊಂಡು ಮಾತಾಡಿದ್ದರು. ತುಟಿ ಓದುವವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಬಾಗಿಲು ಹಾಕಿಕೊಂಡ ಹಾಗೆ. ಅತ್ತೆ ದಿನವಿಡೀ ತಮ್ಮನ ಕಡೆ ನೋಡಿರಲಿಲ್ಲ. ಈಗ ಒಲೆಯ ಮುಂದಿನಿಂದ ತಲೆಯೆತ್ತಿ, ಸೋತುಹೋಗಿದ್ದ ಆ ಮುಖವನ್ನು ಒಂದು ಗಳಿಗೆ ನೋಡಿದರು. ಕೈ ಒರೆಸಿಕೊಂಡರು. “ಕೈಕಾಲ್ ತೊಳ್ಕೊಂಡ್ ಬಾ, ಬಡುಸ್ತೀನಿ,” ಎಂದರು. ಅಷ್ಟೇ. ಅಪ್ಪನ ಬೆನ್ನ ಹಿಂದೆ ಬಂದು ನಿಂತಿದ್ದ ನಟಿ ಇದನ್ನು ನೋಡಿದರು. ಆ ಮಾತಿನ ಅರ್ಥವನ್ನೂ ಬೆಳಗಿನ ಮುನಿಸನ್ನೂ ನನ್ನಿಂದ ಕೇಳಿ ತಿಳಿದುಕೊಂಡರು. ಆಮೇಲೆ ನೆಲದ ಮೇಲೆ ಅತ್ತೆಯ ಎದುರಿಗೆ ಕೂತು, ಇನ್ನೊಮ್ಮೆ ಹೇಳಿ ಎಂದು ಸನ್ನೆ ಮಾಡಿ, ಅತ್ತೆಯ ಗಲ್ಲದ ಮೇಲೆ ಎರಡು ಬೆರಳಿಟ್ಟು ಆ ಮಾತನ್ನು ಕಲಿತರು. ಅತ್ತೆ ನಾಚಿಕೊಂಡು ನಗುತ್ತ ಹತ್ತು ಸಲವಾದರೂ ಹೇಳಿರಬೇಕು.

ಮರುದಿನ ಸ್ಟುಡಿಯೋದಿಂದ ಬಂದ ಅಪ್ಪ ಸೈಕಲ್ಲಿಗೆ ಬೀಗ ಹಾಕುವುದನ್ನೂ ಮರೆತಿದ್ದರು. ಆಕೆ ಅರ್ಧ ಪುಟವನ್ನು ಬಿಟ್ಟು, ಗಂಡನ ಮುಖ ನೋಡಿ, “ಕೈಕಾಲು ತೊಳ್ಕೊಂಡ್ ಬನ್ನಿ, ಬಡಿಸ್ತೀನಿ,” ಎಂದಷ್ಟೇ ಹೇಳಿದರಂತೆ. ದೀಪ ಹಿಡಿದವರು ಕೂಡ ಅಲುಗಾಡಲಿಲ್ಲವಂತೆ. ನಿರ್ದೇಶಕರು ಒಂದೇ ಸಲಕ್ಕೆ ಸಾಕು ಎಂದರಂತೆ. ಅತ್ತೆ ಅಪ್ಪನ ತುಟಿಯಿಂದ ಕಣ್ಣು ಕೀಳದೆ ಕೇಳಿದರು. ಅಷ್ಟೂ ಹೇಳಿ ಮುಗಿದ ಮೇಲೆ ಮತ್ತೆ ಮೊದಲಿಂದ ಹೇಳು ಎಂದರು.

ಸಿನಿಮಾ ಬಂದಾಗ ಭಾನುವಾರದ ಪೂಜೆ ಮುಗಿಸಿ, ಅದೇ ಒಳ್ಳೆಯ ಬಟ್ಟೆಯಲ್ಲಿ, ಮೂವರೂ ಹೋದೆವು. ಗಂಡ ಬಾಗಿಲಿಗೆ ಬಂದ. ಆಕೆ ತಲೆಯೆತ್ತಿದರು. ತುಟಿ ಅಲುಗಿತು. ಆದರೆ ನಮ್ಮ ಕಿವಿಗೆ ಬಿದ್ದದ್ದು ಬೇರೆ ಯಾರದೋ ಕಣ್ಣೀರು ತುಂಬಿದ ದನಿ: “ಈ ಅಭಾಗಿನಿ ನೆನಪಾದಳೇ?” ಬರೆದವರು ಒಪ್ಪಿರಲಿಕ್ಕಿಲ್ಲ, ತುಟಿಗೆ ಹೊಂದುವ ಇನ್ನೊಂದು ಮಾತನ್ನು ಆಮೇಲೆ ಕೂರಿಸಿದ್ದರು. ಅಪ್ಪನಿಗೂ ಗೊತ್ತಿರಲಿಲ್ಲ. ಸುತ್ತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತೆ ಅವರನ್ನೆಲ್ಲ ತಿರುಗಿ ತಿರುಗಿ ನೋಡಿ, ನನ್ನ ಕೈ ಹಿಸುಕಿ, “ನನ್ನ ಮಾತು,” ಎಂದರು. ತಮ್ಮ ದನಿಯ ಅಳತೆ ಅವರಿಗೆ ಗೊತ್ತಾಗುತ್ತಿರಲಿಲ್ಲ; ಮುಂದಿನ ಸಾಲಿನವರು ತಿರುಗಿ ನೋಡಿದರು. ಅಪ್ಪ ಕತ್ತಲಲ್ಲೇ ನನ್ನ ಕಡೆ ನೋಡಿ, ಹೇಳಬೇಡ ಎಂದು ತಲೆಯಾಡಿಸಿದರು. ನಾನು ಅತ್ತೆಯ ಕಡೆ ನೋಡಿ ನಕ್ಕೆ. ನಟನೆ ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಆಗಲೇ.

ಆ ‘ಅಭಾಗಿನಿ’ ಊರೆಲ್ಲ ಹರಡಿತು. ತಡವಾಗಿ ಬಂದ ಹಾಲಿನವನಿಗೂ ಹೆಂಗಸರು ಅದನ್ನೇ ಹೇಳಿ ನಗುತ್ತಿದ್ದರು. ಒಂದು ದಿನ ಅತ್ತೆ ಪಕ್ಕದ ಮನೆಯ ಪಂಕಜಮ್ಮನಿಗೆ ಜರಡಿ ಹಿಂದಿರುಗಿಸಲು ಹೋದಾಗ, ಆಕೆ ಬಾಗಿಲಿಗೆ ಒರಗಿ, ಆ ಸಿನಿಮಾದ ಹಾಗೆಯೇ ತಲೆಯೆತ್ತಿ, ಆ ‘ಅಭಾಗಿನಿ’ ಮಾತನ್ನು ಹೇಳಿದರು. ಅತ್ತೆ ಮನೆಗೆ ಬಂದು ಅಪ್ಪನ ಎದುರು ನಿಂತರು. “ನನ್ನ ಮಾತು ತೆಗೆದ್ಬುಟ್ರಾ ಅಂತೋಣಿ?” ಅಪ್ಪ ಈ ಸಲ ಮುಖ ತಿರುಗಿಸಲಿಲ್ಲ. ಹೌದೆಂದು ತಲೆಯಾಡಿಸಿದರು. ಅತ್ತೆ ಮೊರ ಎಳೆದುಕೊಂಡು ಬಹಳ ಹೊತ್ತು ಅಕ್ಕಿ ಆರಿಸಿದರು. ಆಮೇಲೆ, “ದನಿ ತಾನೇ ಬದಲಾಯ್ಸಿರೋದು. ಆಯಮ್ಮನ ಬಾಯಿ ಬದಲಾಯ್ಸಕ್ಕೆ ಆಗ್ಲಿಲ್ವಲ್ಲ, ಬುಡು,” ಎಂದರು. ಆ ಸಿನಿಮಾ ಊರು ಬಿಡುವ ಮೊದಲು ಅವರು ಒಬ್ಬರೇ ನಾಲ್ಕು ಸಲ ನೋಡಿ ಬಂದರು.

ಮುಂದೆ ಪ್ರಾಂಪ್ಟರುಗಳ ಕೆಲಸ ಕಡಿಮೆಯಾಯಿತು, ಸ್ಟುಡಿಯೋ ಮುಚ್ಚಿತು. ಅಪ್ಪ ತೀರಿಕೊಂಡ ಮೇಲೆ, ಏಳನೆಯ ದಿನದ ಪೂಜೆಯ ಸಂಜೆ, ಅತ್ತೆ ನನ್ನನ್ನು ಹತ್ತಿರ ಕೂರಿಸಿಕೊಂಡು, “ಅವನ ದನಿ ಎಂಗಿತ್ತು?” ಎಂದು ಕೇಳಿದರು. ಅವರ ಕಿವಿ ಹೋದಾಗ ಅಪ್ಪನಿಗೆ ಐದು ವರ್ಷವಂತೆ. “ನಂಗೆ ಕೊನೇವರ್ಗೂ ಆ ಮಗೂ ದನೀಲೇ ಮಾತಾಡ್ತಾ ಇದ್ದ ಕಣೆ,” ಎಂದರು. ನಾನು ಏನೇನೋ ಹೇಳಿದೆ: ಸ್ವಲ್ಪ ದಪ್ಪ, ಕೊನೆಗೆ ಒಡೆಯುತ್ತಿತ್ತು, ಕೋಪ ಬಂದರೆ ಇನ್ನೂ ಮೆಲ್ಲಗಾಗುತ್ತಿತ್ತು. ಅತ್ತೆ ನನ್ನ ತುಟಿಯನ್ನೇ ನೋಡುತ್ತ ಪಾಪ ತಲೆದೂಗಿದರು. ಅವರಿಗೆ ಏನೂ ಸಿಕ್ಕಿರಲಾರದು. ನಾನಾದರೂ ಮತ್ತೆ ಕೇಳೋಣವೆಂದರೆ ಆ ದನಿಯ ಒಂದು ತುಣುಕೂ ಉಳಿದಿರಲಿಲ್ಲ. ನೂರಾರು ದೃಶ್ಯಗಳಲ್ಲಿ ಚಿತ್ರೀಕರಣದ ಹೊತ್ತಿಗೆ ಅಪ್ಪನ ದನಿಯೂ ಇತ್ತು. ಎಲ್ಲದರಿಂದಲೂ ಅದನ್ನು ಒರೆಸಿಹಾಕಿದ್ದರು.

ಈಗ ಅತ್ತೆಯೂ ಇಲ್ಲ, ವಠಾರವೂ ಇಲ್ಲ. ಆ ದನಿ ಕೇಳಿದವರಲ್ಲಿ ಉಳಿದವಳು ಬಹುಶಃ ನಾನೊಬ್ಬಳೇ. ಕೆಲವು ದಿನ ಸುಮ್ಮನೆ ಕೂತು ನೆನಪಿಸಿಕೊಳ್ಳಲು ನೋಡುತ್ತೇನೆ. ಅಪ್ಪ ಕಾಣುತ್ತಾರೆ. ತುಟಿ ಅಲುಗುತ್ತದೆ, ಒಂದೊಂದು ಅಕ್ಷರವನ್ನೂ ಓದಬಲ್ಲೆ. ಏನೂ ಕೇಳಿಸುವುದಿಲ್ಲ.