ಭಾಗ್ಯಳ ಬಲಗೈ

ಆಯಿ, ನಿಮ್ಮ ಮೊಮ್ಮಗಳ ಬಲಗೈ ತೆರೆದದ್ದು ನನ್ನಿಂದಲ್ಲ. ನಿಮ್ಮ ಒಲೆಯ ಮುಂದೆ, ನಿಮ್ಮ ರೊಟ್ಟಿಯ ಹಿಟ್ಟಿನ ಮೇಲೆ ತೆರೆದಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ.

ಆರು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಹೇಳಲು ಯಾರಿದ್ದರು? ಆಗ ಆಳಂದ, ಅಫಜಲಪುರ, ಜೇವರ್ಗಿ — ಮೂರೂ ಕಡೆಯ ಶಾಲೆಗಳಿಗೆ ನಾನೊಬ್ಬಳೇ ಆಕ್ಯುಪೇಷನಲ್ ಥೆರಪಿಸ್ಟ್. ಕೈ ಸ್ವಾಧೀನವಿಲ್ಲದ ಮಕ್ಕಳಿಗೆ ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಪೆನ್ಸಿಲ್ ಹಿಡಿಯುವುದು ಕಲಿಸುವ ಕೆಲಸ. ಮಕ್ಕಳ ಬಾಯಲ್ಲಿ ‘ಕಸರತ್ ಮೇಡಂ’. ಮಾರ್ಚ್ ತನಕದ ಹಂಗಾಮಿ ನೌಕರಿ. ವರದಿ ಚೆನ್ನಾಗಿದ್ದರೆ ಮುಂದಿನ ವರ್ಷವೂ ಉಂಟು. ದಿನಕ್ಕೊಂದು ಊರು. ಯಾವ ಸ್ಟಾಫ್ ರೂಮಿನಲ್ಲೂ ನನ್ನದು ಅನ್ನುವ ಕುರ್ಚಿ ಇರಲಿಲ್ಲ. ಬುತ್ತಿ ಬಿಚ್ಚುತ್ತಿದ್ದದ್ದು ಬಸ್‌ಸ್ಟ್ಯಾಂಡಿನಲ್ಲಿ. ಟಿಕೆಟ್ ಕೇಳುವಾಗ ಕಂಡಕ್ಟರ್ ಜೊತೆ ಆಡಿದ್ದೇ ದಿನದ ಕೊನೆಯ ಮಾತು, ಆಮೇಲೆ ಜೇವರ್ಗಿಯ ಬಾಡಿಗೆ ಕೋಣೆ — ಅಂಥ ದಿನಗಳೇ ಹೆಚ್ಚು. ಮಂಗಳವಾರ ಮಾತ್ರ ಬೇರೆ. ಮಂಗಳವಾರ ಹವಳಗಾ ಕಡೆ, ನಿಮ್ಮೂರು. ಭಾಗ್ಯಳನ್ನು ಬಿಡಲು ಬಂದ ನೀವು ಗೇಟಿನಲ್ಲೇ ಕೇಳುತ್ತಿದ್ದಿರಿ: “ಊಟ ಆತೇನ್ರಿ ಮೇಡಂ?” ಇಡೀ ವಾರದಲ್ಲಿ ನನ್ನನ್ನು ಹಾಗೆ ಕೇಳುತ್ತಿದ್ದವರು ನೀವೊಬ್ಬರೇ.

ಭಾಗ್ಯಳಿಗೆ ಆಗ ಒಂಬತ್ತು. ಹುಟ್ಟಿನಿಂದ ಬಲಗೈ ಬಿಗಿದ ಮುಷ್ಟಿ. ಡಬ್ಬಿಯಲ್ಲಿ ಬರುವ ಬಣ್ಣದ ಮಣ್ಣು ಕೊಟ್ಟು ತಿಂಗಳುಗಟ್ಟಲೆ ಹಿಚುಕಿಸಿದೆ. ಬೆರಳು ಬಿಚ್ಚಲಿಲ್ಲ. ದಸರಾ ರಜೆ ಮುಗಿಸಿ ಬಂದವಳು ಒಂದಿನ ಅಂಗೈಯನ್ನು ನನ್ನ ಮೇಜಿನ ಮೇಲೆ ಅಗಲವಾಗಿ ಊರಿ ನಕ್ಕಳು. ಕಣ್ಣಲ್ಲಿ ನೀರು ಬಂತು ನನಗೆ. ಅವತ್ತೇ ವರದಿ ಬರೆದೆ — ಬಣ್ಣದ ಮಣ್ಣಿನ ಕಸರತ್ತಿನಿಂದ ಸುಧಾರಣೆ ಅಂತ. ಸುಳ್ಳು ಅಂತ ಆಗ ಗೊತ್ತಿರಲಿಲ್ಲ. ಅಲ್ಲಿಯ ತನಕ ನಾನು ತಪ್ಪಿತಸ್ಥೆ ಅಲ್ಲ.

ಮುಂದಿನ ಮಂಗಳವಾರ ಶಾಲೆ ಬೇಗ ಬಿಟ್ಟಿತ್ತು. ನಿಮ್ಮ ಮನೆಗೇ ಬಂದೆ. ಭಾಗ್ಯ ಒಲೆಯ ಮುಂದೆ ಕೂತು ಎರಡೂ ಕೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಬಿಸಿನೀರಲ್ಲಿ ನಾದಿದ ಹಿಟ್ಟು, ಮೇಲೆ ಅವಳ ಬಲ ಅಂಗೈ, ಅದರ ಮೇಲೆ ನಿಮ್ಮ ಅಂಗೈ.

“ನೋಡ್ರಿ ಮೇಡಂ, ನಿಮ್ಮ ಹುಡುಗಿ ಬಡಿದ ರೊಟ್ಟಿ! ಆರು ಮೂಲಿ ಅವ, ಬಾಯಾಗ ಹಾಕಿದ್ರ ಚುಚ್ತಾವ,” ಅಂದಿರಿ.

“ಹಂಗಾರ ತಿನಬ್ಯಾಡ ಹೋಗ ಬೇ, ಆಯಿ!” ಅಂದಳು ಅವಳು.

ರಜೆ ತುಂಬಾ ದಿನಾ ಅವಳನ್ನು ಹೀಗೆ ರೊಟ್ಟಿ ಬಡಿಯಲು ಕೂರಿಸಿದ್ದಾಗಿ ನೀವೇ ಹೇಳಿದಿರಿ. ನನಗೆ ಎಲ್ಲ ತಿಳಿಯಿತು. ಖುಷಿಪಡಬೇಕಿತ್ತು — ನನಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ನಮ್ಮವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿದು ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಅವ್ವ ಏನು ಕೆಲಸ ಮಾಡುತ್ತಾಳೆ ಅಂತ ಕಾಲೇಜಿನಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಯಾವ ಹಿಟ್ಟಿನಿಂದ ದೂರ ಓಡಿ ಬಂದಿದ್ದೆನೋ ಅದೇ ಹಿಟ್ಟು ನನ್ನ ಡಿಗ್ರಿಯನ್ನು ಸೋಲಿಸಿತ್ತು. ಮೇಲಾಗಿ ನನ್ನ ವರದಿ ಓದಿದ ಇಲಾಖೆಯ ಸಾಹೇಬರು ಮರುವಾರ ಅವಳ ಕೈ ನೋಡಲು ಬರುವವರಿದ್ದರು. ಅವರ ಮುಂದೆ ಹುಡುಗಿ ‘ರೊಟ್ಟಿ’ ಅಂದುಬಿಟ್ಟರೆ —

“ಇದೆಲ್ಲ ಬ್ಯಾಡ, ಆಯಿ. ರೊಟ್ಟಿ ಬಡಿದ್ರ ಕೈ ಕೆಡ್ತದ. ನಾ ಕೊಟ್ಟ ಮಣ್ಣಷ್ಟೇ ಹಿಚುಕಲಿ,” ಅಂದೆ.

ನೀವು ಒಂದು ಗಳಿಗೆ ನನ್ನ ಮುಖ ನೋಡಿದಿರಿ. “ಹೌದೇನ್ರಿ? ನಾ ಅಡಾಣಿ, ಸಾಲಿ ಮುಖ ನೋಡಿಲ್ಲ. ನೀವು ಓದಿದವ್ರು, ನಿಮಗ ಗೊತ್ತಿರ್ತದ.” ಸೆರಗಿನಿಂದ ಅವಳ ಬೆರಳಿಗೆ ಅಂಟಿದ ಹಿಟ್ಟು ಒರೆಸಿದಿರಿ. ಅರ್ಧ ಬಡಿದ ಆ ರೊಟ್ಟಿಯನ್ನು ಮತ್ತೆ ಉಂಡೆ ಕಟ್ಟಿ ಪರಾತಕ್ಕೆ ಹಾಕಿದಿರಿ. ಅವತ್ತು ನಿಮ್ಮ ಮನೆಯಲ್ಲೇ ಉಂಡು ಬಂದೆ ನಾನು.

ಸಾಹೇಬರು ಮೆಚ್ಚಿದರು. ನೌಕರಿ ಮುಂದುವರಿಯಿತು. ಫೆಬ್ರವರಿಗೆ ಭಾಗ್ಯಳ ಬೆರಳು ಮತ್ತೆ ಒಳಗೆ ಮಡಚತೊಡಗಿದ್ದವು. ನೋಡಿದೆ, ಬರೆಯಲಿಲ್ಲ. ಮರುವರ್ಷ ನನಗೆ ಕೊಟ್ಟ ಊರುಗಳ ಪಟ್ಟಿಯಲ್ಲಿ ನಿಮ್ಮೂರು ಇರಲಿಲ್ಲ. ‘ಗುರಿ ಮುಟ್ಟಿದೆ’ ಅಂತ ನಾನೇ ಬರೆದಿದ್ದರಿಂದ ಬೇರೆ ಯಾರೂ ಬರಲಿಲ್ಲ.

ಹೋದ ತಿಂಗಳು ಗಾಣಗಾಪುರದ ಬಸ್‌ಸ್ಟ್ಯಾಂಡಿನಲ್ಲಿ ನೀವೇ ನನ್ನನ್ನು ಗುರುತು ಹಿಡಿದು ಕೂಗಿದಿರಿ. ಭಾಗ್ಯ ಎತ್ತರ ಬೆಳೆದಿದ್ದಾಳೆ. ಬಲಗೈ ಓಢಣಿಯ ಕೆಳಗಿತ್ತು.

“ನಿಮ್ಮ ಮಾತು ಮೀರಿಲ್ಲರಿ ಮೇಡಂ. ಇವತ್ತಿನ ತನಕಾ ಒಂದಿನಾನೂ ರೊಟ್ಟಿ ಬಡಿಯಾಕ ಬಿಟ್ಟಿಲ್ಲ. ಆದ್ರೂ ಕೈ ಮುಚ್ಚಿಬಿಡ್ತು. ನಮ್ಮ ನಸೀಬರಿ.”

ಆಗಲಾದರೂ ಬಾಯಿ ಬಿಡಬಹುದಿತ್ತು. “ಬಸ್ ಬಂತು, ಆಯಿ,” ಅಂದು ಹತ್ತಿಬಿಟ್ಟೆ. ಅದು ನನ್ನ ಬಸ್ಸೇ ಅಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ಎಷ್ಟೋ ಹೊತ್ತು ನಿಂತಿದ್ದೆ.

ನಿಮ್ಮ ನಸೀಬು ಅಲ್ಲ. ರೊಟ್ಟಿ ಬಡಿಯುತ್ತಲೇ ಇದ್ದಿದ್ದರೆ ಕೈ ಪೂರ್ತಿ ಸರಿಯಾಗುತ್ತಿತ್ತೇ? ಗೊತ್ತಿಲ್ಲ. ಈಗ ಶುರು ಮಾಡಿದರೆ ಎಷ್ಟು ತೆರೆದೀತು — ಅದೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದನ್ನು ಅವತ್ತೇ ಹೇಳಬೇಕಿತ್ತು.

ಈ ಕಾಗದ ಟಪಾಲಿಗೆ ಹಾಕುವುದಿಲ್ಲ. ಹಾಕಿದರೆ ಭಾಗ್ಯಳೇ ಓದಿ ಹೇಳಬೇಕಾಗುತ್ತದೆ, ಆ ಕೆಲಸವನ್ನು ಅವಳ ಮೇಲೆ ಹೊರಿಸಲಾರೆ. ಮಂಗಳವಾರ ನಾನೇ ಬರುತ್ತೇನೆ. ಹೊಸ್ತಿಲ ಹೊರಗೇ ನಿಂತು ಓದಿಬಿಡಬೇಕು, ಆಯಿ — ‘ಊಟ ಆತೇನ್ರಿ’ ಅಂತ ನೀವು ಕೇಳುವುದರೊಳಗೆ.