ಮಡಿಕೆಯ ಮೇಲಿನ ಹೆಸರು

ಕೊಬ್ಬರಿಗೆಂದು ಅಟ್ಟದಲ್ಲಿಟ್ಟ ತೆಂಗಿನಕಾಯನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಒಣಗಿದ ಗಿಟುಕು ಕರಟ ಬಿಟ್ಟಿದೆಯೋ ಇಲ್ಲವೋ ಮಾರಯ್ಯ ಹೇಳಿಬಿಡುತ್ತಿದ್ದ. ತಿಪಟೂರಿನ ಮಂಡಿಯಲ್ಲಿ ಮೂವತ್ತು ವರ್ಷ ಅದೇ ಕೆಲಸ. ಸೊಂಟ ಬಿದ್ದ ಮೇಲೆ, ೧೯೮೭ರಲ್ಲಿ, ಹೊಸದಾಗಿ ತೆರೆದಿದ್ದ ಕಂಪ್ಯೂಟರ್ ಸೆಂಟರಿನ ಕಾವಲಿಗೆ ಸೇರಿದ. ಗುಡಿಸುವುದು, ನೀರು ತರುವುದು, ಪ್ರಿಂಟರಿಗೆ ಹಾಳೆ ಹಾಳೆಯಾಗಿ ಮಡಿಚಿಟ್ಟ ಉದ್ದನೆಯ ಮಡಿಕೆ ಕಾಗದ ಏರಿಸುವುದು.

ಅಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವಳು ಶಾಂತಕುಮಾರಿ. ಮೈಸೂರಿನಲ್ಲಿ ಓದಿ, ಮದುವೆಯಾಗಿ ಈ ಊರಿಗೆ ಬಂದವಳು. ಎಂಟು ತಿಂಗಳ ಮಗಳನ್ನು ಅತ್ತೆಯ ಬಳಿ ಬಿಟ್ಟು ಬಂದರೂ ಮನಸ್ಸು ತೊಟ್ಟಿಲ ಹತ್ತಿರವೇ. ಹಾಲು ಕುಡಿಯಿತೋ, ಮೈ ಬಿಸಿಯಾಯಿತೋ.

ಪ್ರಿಂಟರ್ ಕಿರ್ರೆಂದು ಓಡುವಾಗ ಮಾರಯ್ಯ ಬಾಗಿಲಲ್ಲಿ ಕೂತು ಕೇಳುತ್ತಿದ್ದ. "ರಿಬ್ಬನ್ನು ಸಿಕ್ಕಾಕ್ಕೊಂಡೈತೆ ಕಣ್ರವ್ವ." ಹೋಗಿ ನೋಡಿದರೆ ನಿಜ.

"ಮಿಷನ್ನನ್ನೂ ಅಲ್ಲಾಡಿಸಿ ನೋಡ್ತೀರಾ ಮಾರಯ್ಯ?"

"ಅದು ತಾನೇ ಅಲ್ಲಾಡ್ತದಲ್ಲವ್ವ."

ಆ ಮಾಘದಲ್ಲಿ ಹುಳಿಯಾರಿನಲ್ಲಿ ಧರ್ಮಾರ್ಥ ಕಣ್ಣಿನ ಆಪರೇಷನ್ ಶಿಬಿರ. ಆರುನೂರು ಜನರ ಪಟ್ಟಿ ಅಚ್ಚಾಗಬೇಕಿತ್ತು. ಅದರಲ್ಲಿ ಮಾರಯ್ಯನ ಹೆಂಡತಿ ನಿಂಗಮ್ಮನೂ ಇದ್ದಳು. ಎರಡು ಕಣ್ಣಿಗೂ ಪೊರೆ. ಅವರ ಮಗಳಿಗೆ ದಿನ ತುಂಬುತ್ತಿತ್ತು. "ಮೊಮ್ಮಗೀನ ಮೊಕ ನೋಡ್ಬೇಕಂತೆ. ನನ್ ಮೊಕ ನೋಡಿ ಸಾಕಾಗೈತಂತೆ," ಎಂದು ಅವನು ನಗುತ್ತಿದ್ದ.

ಶಾಂತಕುಮಾರಿ ಬೇಸಿಕ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಸರಳವಾಗಿತ್ತು. ಹಾಳೆಗೆ ಅರವತ್ತಾರು ಸಾಲು. ಅರವತ್ತು ಅಚ್ಚು ಹಾಕಿ ಆರು ಖಾಲಿ ಬಿಟ್ಟರೆ ಮಡಿಕೆ ದಾಟಿ ಮುಂದಿನ ಹಾಳೆ. ಕೊನೇ ಗಳಿಗೆಯಲ್ಲಿ ಶಿಬಿರದವರು ಬಂದು, ಪ್ರತಿ ಹಾಳೆಯ ನೆತ್ತಿಯಲ್ಲಿ ಶಿಬಿರದ ಹೆಸರು, ಊರು ಅಚ್ಚಾಗಬೇಕೆಂದರು. ಅವಳು ಎರಡು ಸಾಲು ಸೇರಿಸಿದಳು. ಕೆಳಗಿನ ಖಾಲಿ ಸಾಲುಗಳಲ್ಲಿ ಎರಡು ಕಳೆಯಲಿಲ್ಲ. ಅಷ್ಟರಲ್ಲಿ ಮಗು ವಾಂತಿ ಮಾಡುತ್ತಿದೆಯೆಂದು ಮನೆಯಿಂದ ಸುದ್ದಿ ಬಂದಿತ್ತು.

ಹಾಳೆಗೆ ಎರಡೆರಡು ಸಾಲಿನಂತೆ ಅಚ್ಚು ಕೆಳಗೆ ಜಾರುತ್ತ ಹೋಯಿತು. ನಾಲ್ಕನೇ ಹಾಳೆಯ ಹೊತ್ತಿಗೆ ಮಾರಯ್ಯ ಎದ್ದು ನಿಂತ.

"ಅವ್ವಾ, ದನಿ ಬ್ಯಾರೆ ಬತ್ತೈತೆ. ಮಡಿಕೆ ಮ್ಯಾಲೇ ಹೊಡೀತೈತೆ."

"ಕಾಗದ ದಪ್ಪ ಇರಬೇಕು, ಬಿಡಿ. ಮುಗಿದರೆ ಸಾಕು ನಂಗೆ."

ಮುಗಿದದ್ದೇ ಅವಳು ಮನೆಗೆ ಓಡಿದಳು. ಓದು ಬಾರದ ಮಾರಯ್ಯ ಎಂದಿನಂತೆ ಮಡಿಕೆಗೆ ಸರಿಯಾಗಿ ಹಾಳೆ ಹರಿದು, ದಾರ ಕಟ್ಟಿ ಕಳಿಸಿದ.

ಮಗುವಿಗೆ ಏನೂ ಆಗಿರಲಿಲ್ಲ. ಹಲ್ಲು ಬರುತ್ತಿತ್ತು, ಅಷ್ಟೆ.

ಹುಳಿಯಾರಿನಲ್ಲಿ ನಿಂಗಮ್ಮ ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ಕೂತಳು. ಅವಳ ಹೆಸರಿನ ಮೇಲರ್ಧ ಒಂದು ಹಾಳೆಯಲ್ಲಿ, ಕೆಳಗರ್ಧ ಇನ್ನೊಂದರಲ್ಲಿ. ಕೂಗುವವನು ಓದಲು ಬಂದದ್ದನ್ನಷ್ಟೇ ಕೂಗಿದ. "ಪಟ್ಟಿಯಲ್ಲಿಲ್ಲ ಹೋಗಮ್ಮ" ಎಂದರು.

ಎರಡು ದಿನ ಬಿಟ್ಟು, ಸುದ್ದಿ ಕೇಳಿದ ಶಾಂತಕುಮಾರಿ ಸೆಂಟರಿನಲ್ಲಿ ಹರಿಯದೆ ಉಳಿದ ಕಾರ್ಬನ್ ಪ್ರತಿಯನ್ನು ಬಿಡಿಸಿ ನೋಡಿದಳು. ಮಡಿಕೆಯ ಮೇಲೆ, ಸರಿಯಾಗಿ ನಡುವೆ, ನಿಂಗಮ್ಮ. ಅಷ್ಟರಲ್ಲಿ ಡಾಕ್ಟರುಗಳು ಹೊರಟುಹೋಗಿದ್ದರು. ಮಾರಯ್ಯನಿಗೆ ಎಲ್ಲ ಹೇಳಿದಳು. ಅವನು ಹಾಳೆಯನ್ನೇ ನೋಡುತ್ತ ನಿಂತು, ಪೊರಕೆ ಎತ್ತಿಕೊಂಡ. ಪ್ರೋಗ್ರಾಮಿನಲ್ಲಿ ಅವಳು ಒಂದು ಸಾಲು ಬದಲಿಸಿದಳು: ಪ್ರಿಂಟರಿಗೆ ಹನ್ನೆರಡು ಎಂಬ ಸಂಖ್ಯೆ ಕಳಿಸಿದರೆ ಎಷ್ಟೇ ಸಾಲಾಗಿರಲಿ, ಅದೇ ಹೊಸ ಹಾಳೆಗೆ ಹೋಗುತ್ತದೆ. ಒಂದೇ ಸಾಲು.

ಮುಂದಿನ ಶಿಬಿರಕ್ಕೆ ವರ್ಷ ಹಿಡಿಯಿತು. ಪೊರೆ ಹಣ್ಣಾಗಿ ನರ ಸತ್ತಿದೆ, ಇನ್ನೇನೂ ಮಾಡಲಾಗದು ಎಂದರು ಡಾಕ್ಟರು. ಮಾರಯ್ಯ ಕೆಲಸ ಬಿಟ್ಟ.

ಶಾಂತಕುಮಾರಿ ಮಗಳನ್ನು ಎತ್ತಿಕೊಂಡು ಅವನ ಮನೆಗೆ ಹೋದಾಗ ಒಳಗಿನಿಂದ ನಿಂಗಮ್ಮನ ದನಿ ಕೇಳುತ್ತಿತ್ತು. "ಹೆಸ್ರು ಬರ್ಸು ಅಂತ ಕಳ್ಸಿದ್ರೆ ಮರ್ತು ಬಂದ್ಯಲ್ಲ, ನಿನ್ ಬುದ್ಧಿಗಿಷ್ಟು!"

ಜಗಲಿಯಲ್ಲಿದ್ದ ಮಾರಯ್ಯ ತಲೆ ತಗ್ಗಿಸಿದ.

"ಹಾಗಂತ ಹೇಳಿದೀರಾ? ತಪ್ಪು ನನ್ನದು ಮಾರಯ್ಯ. ನಾನೇ ಹೇಳ್ತೀನಿ."

"ಬ್ಯಾಡಿ, ಬುಡ್ರವ್ವ. ಮಿಷನ್ನು ಅಂದ್ರೆ ಅವ್ಳು ಯಾರ್ನ ಬೈಬೇಕು? ನಾನಾದ್ರೆ ಮನೇಲೇ ಇರ್ತೀನಿ. ಹಾಳೆ ಹರ್ದೋನೂ ನಾನೇ ಅಲ್ವಾ."

ಆದರೂ ಹೇಳಿಯೇ ತೀರುವುದೆಂದು ಅವಳು ಒಳಗೆ ಹೋದಳು. ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ನಿಂಗಮ್ಮ ಹೆಜ್ಜೆ ಸದ್ದಿಗೆ ಮುಖ ಎತ್ತಿ ಕೈ ಚಾಚಿದಳು.

"ಕಂಪೂಟ್ರವ್ವನಾ? ಕೂಸು ತಂದಿದ್ದೀಯಾ? ಕೊಡು ಇಲ್ಲಿ, ನೋಡ್ತೀನಿ."

ಒರಟು ಬೆರಳುಗಳು ಮಗುವಿನ ಹಣೆ, ಹುಬ್ಬು, ಮೂಗಿನ ಮೇಲೆ ಮೆಲ್ಲಗೆ ಇಳಿದವು. ಮಗು ಅಳಲಿಲ್ಲ.

"ನಿನ್ನಂಗೇ ಅವ್ಳಾ?"

"ಹ್ಞೂಂ" ಎಂದಳು ಶಾಂತಕುಮಾರಿ. ಹೇಳಲೆಂದು ಬಂದದ್ದನ್ನು ಬಿಟ್ಟು, ಮಗುವಿನ ಮುಖವನ್ನು ಆ ಬೆರಳುಗಳಿಗೆ ಇನ್ನಷ್ಟು ಹತ್ತಿರ ಮಾಡಿದಳು.